ಸ್ಯಾಕ್ಸೋಫೋನಿನ ನೆಂಟಸ್ತಿಕೆ: 'ಕಿನ್ಸ್‌ಮೆನ್' ಮತ್ತು ವಾಲಗ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಸೀಮೆಯ ಮದುವೆಗಳಲ್ಲಿ ಧಾರೆಯ ಮುಹೂರ್ತವನ್ನು ಊರಿಗೆ ಸಾರುವುದು ವಾಲಗ. ನಾಗಸ್ವರ, ಡೋಲುಗಳ ಈ ಮೇಳದೊಳಕ್ಕೆ ಕಳೆದ ಕೆಲವು ದಶಕಗಳಲ್ಲಿ ಸ್ಯಾಕ್ಸೋಫೋನೂ ಪ್ರವೇಶಿಸಿದೆ. 1846ರಲ್ಲಿ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದ ಯುರೋಪಿನ ವಾದ್ಯವೊಂದು ಈ ಸೀಮೆಯಲ್ಲಿ ಮಂಗಳವಾದ್ಯವಾದ ಬಗೆಯನ್ನು ಮರೆತು, ರುದ್ರೇಶ್ ಮಹಾಂತಪ್ಪ ಮತ್ತು ಕದ್ರಿ ಗೋಪಾಲನಾಥ್ ಜೊತೆಗೂಡಿ ನುಡಿಸಿದ 'ಕಿನ್ಸ್‌ಮೆನ್' (2008) ಧ್ವನಿಮುದ್ರಿಕೆಯನ್ನು ವಿಮರ್ಶಿಸಲಾಗದು.

'ಕಿನ್ಸ್‌ಮೆನ್' ಎಂದರೆ ನೆಂಟರು. ಈ ನೆಂಟಸ್ತಿಕೆ ಹುಟ್ಟಿದ್ದು ಪರಿಹಾಸ್ಯದಿಂದ. ಅಮೆರಿಕದಲ್ಲಿ ಬೆಳೆದು ಜಾಸ್ ಕಲಿಯುತ್ತಿದ್ದ ಮಹಾಂತಪ್ಪನವರಿಗೆ ಸೋದರನು ತಮಾಷೆಗೆಂದು ಗೋಪಾಲನಾಥರ ಮುದ್ರಿಕೆಯೊಂದನ್ನು ಕೊಟ್ಟನು. ತಮಾಷೆಯು ಶೋಧವಾಯಿತು. ಮುಂದೆ ಇಬ್ಬರೂ ಆಲ್ಟೋ ಸ್ಯಾಕ್ಸೋಫೋನ್ ಹಿಡಿದು ಎದುರುಬದುರಾದರು.

ಆರ್ನೆಟ್ ಕೋಲ್ಮನ್‌ರ 'ಫ್ರೀ ಜಾಸ್' (1961) ಪೂರ್ವನಿರ್ಧರಿತ ಸ್ವರಸಂಗತಿಯ ಕಟ್ಟನ್ನು ಸಡಿಲಿಸಿ ಸಾಮೂಹಿಕ ಮನೋಧರ್ಮಕ್ಕೆ ಅವಕಾಶ ನೀಡಿತು. 'ಕಿನ್ಸ್‌ಮೆನ್' ಆ ಅರ್ಥದಲ್ಲಿ ಮುಕ್ತ ಜಾಸ್ ಅಲ್ಲ. ಆದರೆ ಮನೋಧರ್ಮವೇ ಅದರ ಜೀವಾಳ. ಕೃತಿಗಳ ನಡುವೆ ರೆಜ್ ಅಬ್ಬಾಸಿಯವರ ಗಿಟಾರ್, ಎ. ಕನ್ಯಾಕುಮಾರಿಯವರ ಪಿಟೀಲು ಮೊದಲಾದವುಗಳ ಆಲಾಪಗಳನ್ನು ಇರಿಸಿರುವುದು ಇದಕ್ಕೆ ನಿದರ್ಶನ. ಪ್ರತಿಯೊಬ್ಬರೂ ತಮ್ಮ ನುಡಿಯಲ್ಲೇ ಮಾತನಾಡುತ್ತಾರೆ, ಬೆರಕೆಯ ಅವಸರವಿಲ್ಲ. ಗಮಕಕ್ಕೆ ಒಗ್ಗುವಂತೆ ವಾದ್ಯವನ್ನೇ ಮಾರ್ಪಡಿಸಿಕೊಂಡಿದ್ದ ಗೋಪಾಲನಾಥರ ಜಾರುಸ್ವರ ಮತ್ತು ಮಹಾಂತಪ್ಪನವರ ಮೊನಚಾದ, ವೇಗದ ಸ್ವರಗುಚ್ಛಗಳು ಒಂದೇ ವಾದ್ಯದ ಎರಡು ಸಂಸ್ಕಾರಗಳಾಗಿ ಕೇಳಿಸುತ್ತವೆ. ಮುದ್ರಿಕೆಯ ನಿಜವಾದ ಸಾಧನೆ ಇದೇ.

ಆದರೆ ಈ ನೆಂಟಸ್ತಿಕೆಯಲ್ಲಿ ಮೂರನೆಯವನೊಬ್ಬನಿದ್ದಾನೆ. ಬಂಟ್ವಾಳ ತಾಲ್ಲೂಕಿನ ಸಜಿಪದ ಗೋಪಾಲನಾಥ್ (1949–2019) ನಾಗಸ್ವರ ವಾದಕ ತನಿಯಪ್ಪನವರ ಮಗ. ಸ್ಯಾಕ್ಸೋಫೋನಿನ ಮೋಹ ಅವರಿಗೆ ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದಾಗ. ಬಯಲಿನಲ್ಲಿ, ಡೋಲಿನ ಅಬ್ಬರದ ನಡುವೆಯೂ ದೂರಕ್ಕೆ ತಲುಪಬೇಕಾದ ನಾಗಸ್ವರದ ದೀರ್ಘ ಉಸಿರು ಅವರ ನುಡಿಸಾಣಿಕೆಯ ತಳಹದಿಯಲ್ಲಿದೆ. ಹೀಗಿದ್ದೂ ಈ ಮುದ್ರಿಕೆಯನ್ನು 'ಕರ್ನಾಟಕ ಸಂಗೀತ ಮತ್ತು ಜಾಸ್' ಎಂಬ ಜೋಡಿಪದದಲ್ಲೇ ವಿವರಿಸುವುದು ರೂಢಿ. ವಾಲಗಕ್ಕೆ ಅಲ್ಲಿ ಹೆಸರಿಲ್ಲ.

ಇದು ಕೇವಲ ನಾಮಕರಣದ ಪ್ರಶ್ನೆಯಲ್ಲ. ಅದೇ ವಾದ್ಯ ಸಭಾಂಗಣದಲ್ಲಿ ನುಡಿದರೆ ಕಲೆ, ಚಪ್ಪರದಡಿಯಲ್ಲಿ ನುಡಿದರೆ ಕುಲಕಸುಬು ಎಂಬ ತಾರತಮ್ಯವು ವಾಲಗದವರ ಸಂಭಾವನೆಯನ್ನೂ ಮರ್ಯಾದೆಯನ್ನೂ ನಿರ್ಧರಿಸುತ್ತದೆ. ಧಾರೆಯ ಗಳಿಗೆಯಲ್ಲಿ ಗಟ್ಟಿಮೇಳಕ್ಕೆ ಸನ್ನೆ ದೊರೆತ ಕ್ಷಣವೇ ರಾಗದಿಂದ ರಾಗಕ್ಕೆ ಹೊರಳುವ ವಾದಕನದೂ ಮನೋಧರ್ಮವೇ. ಅದನ್ನು ದಾಖಲಿಸಿದವರು ವಿರಳ.

'ಕಿನ್ಸ್‌ಮೆನ್' ಇಬ್ಬರು ನೆಂಟರನ್ನು ಒಂದು ಪಂಕ್ತಿಯಲ್ಲಿ ಕೂರಿಸಿತು. ಚಪ್ಪರದಡಿ ನುಡಿಸುವವನಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕುವ ಹೊಣೆ ಜಾನಪದ ಅಧ್ಯಯನದ್ದು.