ಹಳಿ ತಪ್ಪಿದ ಮೇಲಿನ ವಿಚಾರಣೆ

2023ರ ಫೆಬ್ರುವರಿ 3ರ ರಾತ್ರಿ ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬ ಪುಟ್ಟ ಊರಿನಲ್ಲಿ ನಾರ್ಫೋಕ್ ಸದರ್ನ್ ಕಂಪನಿಯ ಗೂಡ್ಸ್ ರೈಲು ಹಳಿ ತಪ್ಪಿತು. ಹಳಿಯಿಂದುರುಳಿದ 38 ವ್ಯಾಗನ್‌ಗಳ ಪೈಕಿ 11ರಲ್ಲಿ ಅಪಾಯಕಾರಿ ರಾಸಾಯನಿಕಗಳಿದ್ದವು. ಬೆಂಕಿ ನಂದಿಸಲು ಬಂದವರ ಕೈಗೆ, ಯಾವ ವ್ಯಾಗನ್‌ನಲ್ಲಿ ಏನಿದೆ ಎಂಬ ಪಟ್ಟಿ ಸಕಾಲಕ್ಕೆ ಸೇರಲಿಲ್ಲ. ಮೂರು ದಿನಗಳ ಬಳಿಕ ವಿನೈಲ್ ಕ್ಲೋರೈಡ್ ತುಂಬಿದ್ದ ಐದು ಟ್ಯಾಂಕರ್‌ಗಳನ್ನು ಸ್ಫೋಟಕವಿಟ್ಟು ಒಡೆದು, ರಾಸಾಯನಿಕವನ್ನು ಸುಡಲಾಯಿತು. ಅದರ ಅಗತ್ಯವೇ ಇರಲಿಲ್ಲವೆಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2024ರಲ್ಲಿ ತೀರ್ಮಾನಿಸಿತು.

ಅಮೆರಿಕದ ಸಂಸತ್ತಿನ ಉಸ್ತುವಾರಿ ಎಷ್ಟು ಸಡಿಲವೆಂದು ತಿಳಿಯಲು ಆ ಪಟ್ಟಿಯ ಕಥೆಯೊಂದೇ ಸಾಕು. ಸರಕಿನ ವಿವರ ತುರ್ತು ಸೇವೆಯವರಿಗೆ ವಿದ್ಯುನ್ಮಾನ ರೂಪದಲ್ಲಿ ಸಿಗುವಂತೆ ನಿಯಮ ರೂಪಿಸಬೇಕೆಂದು ಸಂಸತ್ತು 2015ರಲ್ಲೇ ಕಾನೂನು ಮಾಡಿತ್ತು. ಅಂತಿಮ ನಿಯಮ ಹೊರಬಂದದ್ದು 2024ರ ಜೂನ್‌ನಲ್ಲಿ! ಎಂಟು ವರ್ಷಕ್ಕೂ ಮಿಕ್ಕಿದ ಆ ಅವಧಿಯಲ್ಲಿ ಸಾರಿಗೆ ಇಲಾಖೆಯನ್ನು ನಿಲ್ಲಿಸಿ ಕೇಳಬೇಕಾದವರು ಜನಪ್ರತಿನಿಧಿಗಳೇ ಆಗಿದ್ದರು.

ಈ ಲೋಪದ ಬೇರು ಹಳೆಯದು, ಭೋಪಾಲದವರೆಗೂ ಚಾಚಿದೆ. 1984ರ ಅನಿಲ ದುರಂತ ಕಂಡು ಬೆಚ್ಚಿದ ಅಮೆರಿಕ 1986ರಲ್ಲಿ, ತಮ್ಮೂರಲ್ಲಿರುವ ವಿಷವನ್ನು ತಿಳಿಯುವ ಹಕ್ಕನ್ನು ಜನರಿಗೆ ಕಾನೂನಿನ ಮೂಲಕ ಕೊಟ್ಟಿತು. ಆದರೆ ಸಾಗಣೆಗೆ ವಿನಾಯಿತಿ ನೀಡಿತು. ಕಾರ್ಖಾನೆಯಲ್ಲಿ ದಾಸ್ತಾನಿದ್ದರೆ ಲೆಕ್ಕ ಕೊಡಬೇಕು. ಅದೇ ಸರಕು ಗೇಟು ದಾಟಿ ರೈಲೇರಿದರೆ, ಸೋರಿದಾಗ ತಿಳಿಸುವುದೊಂದನ್ನು ಬಿಟ್ಟು ಆ ಕಾನೂನಿನಡಿ ಬೇರೆ ಹೊಣೆಯಿಲ್ಲ. ಭೋಪಾಲದ ಸಾವುಗಳು ಕಲಿಸಿದ ಪಾಠವನ್ನು ಅರ್ಧಕ್ಕೇ ನಿಲ್ಲಿಸಿದ ಕಾನೂನಿದು.

2005ರ ಜನವರಿಯಲ್ಲಿ ದಕ್ಷಿಣ ಕೆರೊಲಿನಾದ ಗ್ರಾನಿಟ್‌ವಿಲ್‌ನಲ್ಲಿ ರೈಲು ಡಿಕ್ಕಿಯಾಗಿ ಕ್ಲೋರಿನ್ ಸೋರಿತು. ಒಂಬತ್ತು ಮಂದಿ ಸತ್ತರು. ಮರು ತಿಂಗಳೇ ವಾಷಿಂಗ್ಟನ್ ನಗರ ಮಂಡಳಿ ಸಂಸತ್ ಭವನದ ಸುತ್ತ ಸುಮಾರು 3.5 ಕಿ.ಮೀ. ಒಳಗೆ ಇಂಥ ಸರಕು ಬರಕೂಡದೆಂದು ಕಾನೂನು ಮಾಡಿತು. ಸಿಎಸ್‌ಎಕ್ಸ್ ರೈಲು ಕಂಪನಿ ದಾವೆ ಹೂಡಿತು. ಇದು ಕೇಂದ್ರದ ಅಧಿಕಾರವೆಂಬ ವಾದಕ್ಕೆ ಒಲಿದ ಮೇಲ್ಮನವಿ ನ್ಯಾಯಾಲಯ ಆ ಕಾನೂನಿಗೆ ತಡೆ ನೀಡಿತು. ಕೇಂದ್ರ ತಾನೇನು ಮಾಡಿತು? 2007ರ ಕಾಯ್ದೆಯನ್ನು ಅನುಸರಿಸಿ ಬಂದ ನಿಯಮ, 27 ಅಂಶಗಳನ್ನು ತೂಗಿ ಸುರಕ್ಷಿತ ಮಾರ್ಗ ಆರಿಸಬೇಕೆಂದಿತು. ಒಳ್ಳೆಯ ಹೆಜ್ಜೆಯೇ. ಆದರೆ ಆರಿಸುವವರು ಕಂಪನಿಗಳೇ, ಅವರ ವಿಶ್ಲೇಷಣೆ ಗೋಪ್ಯ. ಭಯೋತ್ಪಾದಕರಿಗೆ ಮಾಹಿತಿ ಸಿಗಬಾರದೆಂಬ ಕಾರಣ ಒಪ್ಪತಕ್ಕದ್ದೇ. ಊರಿನ ಅಗ್ನಿಶಾಮಕ ದಳವನ್ನೂ ಕತ್ತಲಲ್ಲಿಡಲು ಅದು ನೆಪವಾಗಬಾರದು.

ಕಂಪನಿಗಳಿಗೆ ಬಿಟ್ಟುಕೊಟ್ಟದ್ದು ಮಾರ್ಗದ ಆಯ್ಕೆಯನ್ನಷ್ಟೇ ಅಲ್ಲ. ಈಸ್ಟ್ ಪ್ಯಾಲೆಸ್ಟೈನ್ ರೈಲು ಉರುಳಿದ್ದು ಬೇರಿಂಗ್ ಕಾದು ಕೆಟ್ಟದ್ದರಿಂದ. ಹಳಿ ಬದಿಯ ಮೂರು ಶಾಖಮಾಪಕಗಳು ಒಂದಾದ ಮೇಲೊಂದರಂತೆ ಅದನ್ನು ಅಳೆದಿದ್ದವು: ಸುತ್ತಲಿನ ಗಾಳಿಗಿಂತ 38, 103, ಕೊನೆಗೆ 253 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು. ಚಾಲಕರಿಗೆ ರೈಲು ನಿಲ್ಲಿಸುವ ಎಚ್ಚರಿಕೆ ಬಂದದ್ದು ಮೂರನೆಯದರಿಂದ. ಮಾಪಕಗಳ ನಡುವೆ ಎಷ್ಟು ದೂರವಿರಬೇಕು, ಎಷ್ಟು ಬಿಸಿಗೆ ರೈಲು ನಿಲ್ಲಬೇಕು ಎಂಬುದನ್ನು ಕೇಂದ್ರ ನಿಯಮ ಹೇಳಿರಲಿಲ್ಲ; ಎರಡನ್ನೂ ಕಂಪನಿಯೇ ನಿರ್ಧರಿಸಿತ್ತು.

2023ರ ಮಾರ್ಚ್‌ನಲ್ಲಿ ಸೆನೆಟ್ ಸಮಿತಿ ನಾರ್ಫೋಕ್ ಸದರ್ನ್ ಕಂಪನಿಯ ಆಗಿನ ಮುಖ್ಯಸ್ಥ ಅಲನ್ ಶಾ ಅವರನ್ನು ಕರೆಸಿ ಪ್ರಶ್ನಿಸಿತು. ಒಹಾಯೊದ ಎರಡೂ ಪಕ್ಷಗಳ ಸೆನೆಟರ್‌ಗಳಾದ ಶೆರಡ್ ಬ್ರೌನ್ ಮತ್ತು ಜೆ.ಡಿ. ವ್ಯಾನ್ಸ್ ಒಟ್ಟಾಗಿ ರೈಲ್ವೆ ಸುರಕ್ಷತಾ ಮಸೂದೆ ಮಂಡಿಸಿದರು. ಮೇ ತಿಂಗಳಲ್ಲಿ ಅದು ವಾಣಿಜ್ಯ ಸಮಿತಿಯನ್ನು 16–11 ಮತಗಳಿಂದ ದಾಟಿತು. ಸದನದಲ್ಲಿ ಮಾತ್ರ ಮತಕ್ಕೆ ಬರಲೇ ಇಲ್ಲ. 2025ರ ಜನವರಿಯಲ್ಲಿ ಆ ಸಂಸತ್ತಿನ ಅವಧಿಯೊಂದಿಗೆ ಮಸೂದೆಯೂ ಬಿದ್ದುಹೋಯಿತು. ಉಳಿದ ಅಂಶಗಳಲ್ಲಿ ಒಮ್ಮತ ಬಾರದಿದ್ದರೆ, ಅದರಲ್ಲಿದ್ದ ಶಾಖಮಾಪಕಗಳ ಭಾಗವನ್ನಾದರೂ ಬೇರ್ಪಡಿಸಿ ಮತಕ್ಕೆ ಹಾಕಬಹುದಿತ್ತು.