ಶಾಲೆಯ ಆಯ್ಕೆ: ಆರಿಸುವವರು ಯಾರು?

ಅಮೆರಿಕದಲ್ಲಿ ಕ್ಯಾಥೊಲಿಕ್ ಶಾಲೆಗಳ ಪರ ನಿಂತವರ ಬೇಡಿಕೆ ಸರಳವಾದದ್ದು. ಮಗುವಿನ ಓದಿಗೆಂದು ಸರ್ಕಾರ ತೆಗೆದಿಡುವ ಹಣ, ತಂದೆತಾಯಿ ಆರಿಸಿದ ಶಾಲೆಗೆ ಸಲ್ಲಬೇಕು. ಅದು ಚರ್ಚಿನ ಶಾಲೆಯಾದರೂ ಸರಿ. ತೆರಿಗೆಯನ್ನೂ ಕಟ್ಟಿ ಶುಲ್ಕವನ್ನೂ ಕಟ್ಟುವ ಇಬ್ಬಗೆಯ ಹೊರೆ ಬಡವರ ಮೇಲೆ ಬೀಳಬಾರದು. ಈ ವಾದ ಹೊಸದೇನಲ್ಲ. ಆದರೆ 1990ರಿಂದೀಚೆಗೆ ಹಲವು ರಾಜ್ಯಗಳು ಅದನ್ನು ಜಾರಿಗೆ ತಂದಿರುವುದರಿಂದ, ಈಗ ಅದರ ಫಲಿತಾಂಶವನ್ನೂ ಇಟ್ಟುಕೊಂಡು ತೂಗಿ ನೋಡಬಹುದು.

ಮೊದಲು ವಾದದ ಬಲವನ್ನು ಒಪ್ಪಿಕೊಳ್ಳಬೇಕು. 1840ರ ಸುಮಾರಿಗೆ ನ್ಯೂಯಾರ್ಕ್ ನಗರದಲ್ಲಿ ಸಾರ್ವಜನಿಕ ಹಣದಿಂದ ಶಾಲೆ ನಡೆಸುತ್ತಿದ್ದದ್ದು ಪಬ್ಲಿಕ್ ಸ್ಕೂಲ್ ಸೊಸೈಟಿ ಎಂಬ ಖಾಸಗಿ ಸಂಸ್ಥೆ. ಅಲ್ಲಿ ಮಕ್ಕಳು ಓದಬೇಕಾಗಿದ್ದದ್ದು ಪ್ರಾಟೆಸ್ಟೆಂಟರ ಕಿಂಗ್ ಜೇಮ್ಸ್ ಬೈಬಲ್. ಪಠ್ಯಪುಸ್ತಕಗಳಲ್ಲಿ ಕ್ಯಾಥೊಲಿಕರನ್ನು ಹೀಗಳೆಯುವ ಮಾತುಗಳಿದ್ದವು. ಐರ್ಲೆಂಡಿನಿಂದ ಬಂದ ಬಡ ಕುಟುಂಬಗಳ ಪರವಾಗಿ ಬಿಷಪ್ ಜಾನ್ ಹ್ಯೂಸ್ ಶಾಲಾ ನಿಧಿಯಲ್ಲಿ ಪಾಲು ಕೇಳಿದರು, ಸಿಗಲಿಲ್ಲ. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ಶಾಲೆಯ ಬೈಬಲ್ ಓದಿನ ವಿಚಾರವೇ ಹೊತ್ತಿಕೊಂಡು ಚರ್ಚುಗಳು ಸುಟ್ಟುಹೋದವು. 1875ರಲ್ಲಿ ಜೇಮ್ಸ್ ಬ್ಲೇನ್ ತಂದ ಸಂವಿಧಾನ ತಿದ್ದುಪಡಿ ಸೆನೆಟ್‌ನಲ್ಲಿ ಬಿದ್ದುಹೋದರೂ, ಪಂಥದ ಶಾಲೆಗಳಿಗೆ ಸರ್ಕಾರಿ ಹಣ ಕೂಡದೆಂಬ ಅದರ ಆಶಯ ಹತ್ತಾರು ರಾಜ್ಯಗಳ ಸಂವಿಧಾನಕ್ಕೆ ಸೇರಿಕೊಂಡಿತು. ಧರ್ಮನಿರಪೇಕ್ಷತೆಯ ಹೆಸರಿನಲ್ಲಿ ಒಂದು ಧರ್ಮದ ಶಾಲೆಗೆ ಹಣ, ಇನ್ನೊಂದಕ್ಕೆ ಬಾಗಿಲು ಬಂದ್: ಹಳೆಯ ದೂರಿನಲ್ಲಿ ಹುರುಳಿತ್ತು.

ಹೀಗಾಗಿಯೇ 1884ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಕ್ಯಾಥೊಲಿಕ್ ಬಿಷಪ್‌ಗಳ ಮಹಾಸಭೆ ಪ್ರತಿ ಚರ್ಚಿನ ಪಕ್ಕದಲ್ಲೂ ಒಂದು ಶಾಲೆ ಇರಬೇಕೆಂದು ಕಟ್ಟಪ್ಪಣೆ ಮಾಡಿತು. 1922ರಲ್ಲಿ ಆರೆಗನ್ ರಾಜ್ಯ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂದು ಕಾನೂನು ತಂದಾಗ ಅದರ ಬೆನ್ನಿಗೆ ಕ್ಯಾಥೊಲಿಕರನ್ನು ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಕೂಡ ಇತ್ತು. 1925ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿತು. ಕೋರ್ಟಿಗೆ ಹೋದವರಲ್ಲಿ ಶಾಲೆ ನಡೆಸುತ್ತಿದ್ದ ಸಿಸ್ಟರ್‌ಗಳ ಸಂಸ್ಥೆಯೂ ಒಂದು.

ಅಂಥ ಸಿಸ್ಟರ್‌ಗಳೇ ಈ ಶಾಲೆಗಳ ಆಧಾರಸ್ತಂಭ. ಅವರು ಸಂಬಳವೆಂದು ಪಡೆಯುತ್ತಿದ್ದದ್ದು ಅತ್ಯಲ್ಪ. ಆದ್ದರಿಂದಲೇ ಕೂಲಿಕಾರರ ಮಕ್ಕಳಿಗೂ ಶುಲ್ಕ ಎಟಕುತ್ತಿತ್ತು. 1965ರ ಹೊತ್ತಿಗೆ ಸುಮಾರು 52 ಲಕ್ಷ ಮಕ್ಕಳು ಅಲ್ಲಿ ಓದುತ್ತಿದ್ದರು. ಮುಂದೆ ಸಿಸ್ಟರ್‌ಗಳ ಸಂಖ್ಯೆ ಇಳಿಯಿತು, ಪೂರ್ತಿ ಸಂಬಳದ ಶಿಕ್ಷಕರು ಬಂದರು, ಶುಲ್ಕ ಏರಿತು, ಕ್ಯಾಥೊಲಿಕ್ ಕುಟುಂಬಗಳು ನಗರ ಬಿಟ್ಟು ಹೊರವಲಯ ಸೇರಿದವು. ಈಗ ಉಳಿದಿರುವ ಮಕ್ಕಳು ಸುಮಾರು 17 ಲಕ್ಷ. ನಗರದ ನಡುವಿನ ಎಷ್ಟೋ ಶಾಲೆಗಳು ಮುಚ್ಚಿದ್ದು, ಕ್ಯಾಥೊಲಿಕರಲ್ಲದ ಕಪ್ಪು ಜನಾಂಗದ ಮಕ್ಕಳೂ ಅವನ್ನು ನೆಚ್ಚಿಕೊಂಡಿದ್ದ ಕಾಲದಲ್ಲೇ. ಬ್ರೈಕ್, ಲೀ, ಹಾಲೆಂಡ್ ಎಂಬ ಸಂಶೋಧಕರು 1993ರ ತಮ್ಮ ಪುಸ್ತಕದಲ್ಲಿ ಈ ಶಾಲೆಗಳ ಗುಣಕ್ಕೆ ಕೊಟ್ಟ ಕಾರಣಗಳಲ್ಲಿ ಪವಾಡವೇನೂ ಇಲ್ಲ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಗಟ್ಟಿ ಪಠ್ಯ, ಮಕ್ಕಳನ್ನು ಹೆಸರು ಹಿಡಿದು ಬಲ್ಲ ಶಿಕ್ಷಕರು, ನಾವೆಲ್ಲ ಒಂದೆಂಬ ಭಾವ.

ಇಂಥ ಶಾಲೆಗೆ ಸರ್ಕಾರ ನೆರವಾಗುವುದು ಹೇಗೆ? 1990ರಲ್ಲಿ ಮಿಲ್ವಾಕಿ ನಗರ ದಾರಿ ತೋರಿತು: ಮಗು ಆರಿಸಿದ ಖಾಸಗಿ ಶಾಲೆಯ ಶುಲ್ಕಕ್ಕೆ ಸರ್ಕಾರ ಹಣ ಕೊಡುವ ವೋಚರ್ ಯೋಜನೆ. ಯೋಜನೆಯನ್ನು ಹೋರಾಡಿ ತಂದವರು ಪಾಲಿ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ಡೆಮೊಕ್ರಾಟ್ ಶಾಸಕಿ. ಮೊದಲ ವರ್ಷ ಇದ್ದದ್ದು ಸುಮಾರು 340 ಮಕ್ಕಳು, ಎಲ್ಲರೂ ಬಡವರು. ಧಾರ್ಮಿಕ ಶಾಲೆಗಳಿಗೆ ಅವಕಾಶ ಸಿಕ್ಕಿದ್ದು 1998ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೆ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಶಾಲೆ ತನಗೆ ಬೇಕಾದವರನ್ನು ಆರಿಸಿಕೊಳ್ಳುವಂತಿಲ್ಲ, ಚೀಟಿ ಎತ್ತಬೇಕು. ಪೋಷಕರು ಬರೆದುಕೊಟ್ಟರೆ ಮಗುವನ್ನು ಪ್ರಾರ್ಥನೆ, ಧರ್ಮಬೋಧೆಗಳಿಂದ ಬಿಡಬೇಕು. ಮಗುವಿನ ಆಯ್ಕೆಯ ಹಕ್ಕನ್ನು ಶಾಲೆಯ ಆಯ್ಕೆಯಿಂದ ಕಾಪಾಡುವ ನಿಯಮಗಳಿವು.

ಒಹಾಯೊದ ಕ್ಲೀವ್‌ಲೆಂಡ್ ಯೋಜನೆಯಲ್ಲಿ ಬಡ ಮಗುವಿಗೆ ಗರಿಷ್ಠ 2,250 ಡಾಲರ್ ಸಿಗುತ್ತಿತ್ತು. ಖಾಸಗಿ ಶಾಲೆಯನ್ನು ಆರಿಸಿದರೆ ಚೆಕ್ ಬರುತ್ತಿದ್ದದ್ದು ಪೋಷಕರ ಹೆಸರಿಗೆ. ಅವರು ಅದರ ಹಿಂಬದಿಗೆ ಸಹಿ ಹಾಕಿ ಶಾಲೆಗೆ ಕೊಡುತ್ತಿದ್ದರು. ಹಣ ಚರ್ಚಿಗೆ ಮುಟ್ಟಿದ್ದು ತಾಯಿತಂದೆಯ ತೀರ್ಮಾನದಿಂದ, ಸರ್ಕಾರದ ಕೈಯಿಂದಲ್ಲ ಎಂಬ ತರ್ಕವನ್ನು 2002ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಿಂದ ಎತ್ತಿಹಿಡಿಯಿತು. ಅಲ್ಪಮತದ ಆಕ್ಷೇಪವೂ ಹಗುರವಾದದ್ದಲ್ಲ. ವೋಚರ್ ಪಡೆದ ಮಕ್ಕಳಲ್ಲಿ ನೂರಕ್ಕೆ 96 ಮಂದಿ ಧಾರ್ಮಿಕ ಶಾಲೆ ಸೇರಿದ್ದರು. ಅಷ್ಟು ಹಣಕ್ಕೆ ಬೇರೆ ಖಾಸಗಿ ಶಾಲೆಗಳಲ್ಲಿ ಸೀಟು ಸಿಗುವುದು ಕಷ್ಟವಿತ್ತು, ಹೊರವಲಯದ ಸರ್ಕಾರಿ ಶಾಲೆಗಳಲ್ಲಿ ಒಂದೂ ಯೋಜನೆಗೆ ಸೇರಲಿಲ್ಲ. ಇದನ್ನು ಎಷ್ಟರ ಮಟ್ಟಿಗೆ ಆಯ್ಕೆ ಎನ್ನಬಹುದು?

ಫಲಿತಾಂಶವೂ ಏಕಮುಖವಾಗಿಲ್ಲ. ಮಿಲ್ವಾಕಿಯಲ್ಲಿ ಅಂಕಗಳಲ್ಲಿ ಅಂಥ ವ್ಯತ್ಯಾಸ ಕಾಣದಿದ್ದರೂ, ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುವವರು ತುಸು ಹೆಚ್ಚು ಎಂದು ಅಧ್ಯಯನ ಹೇಳಿತು. ಲೂಸಿಯಾನಾದಲ್ಲಿ ವೋಚರ್ ಪಡೆದ ಮಕ್ಕಳು ಗಣಿತದಲ್ಲಿ ಸ್ಪಷ್ಟವಾಗಿ ಹಿಂದೆ ಬಿದ್ದರು. ಪ್ರವೇಶ ಕುಸಿಯುತ್ತಿದ್ದ ಶಾಲೆಗಳೇ ಅಲ್ಲಿ ಯೋಜನೆಗೆ ಸೇರಿದ್ದು ಸಂಶೋಧಕರ ಕಣ್ಣಿಗೆ ಬಿತ್ತು. ಖಾಸಗಿ ಎಂಬ ಫಲಕ ನೇತುಹಾಕಿದ ಮಾತ್ರಕ್ಕೆ ಶಾಲೆ ಒಳ್ಳೆಯದಾಗುವುದಿಲ್ಲ.

ವಾದ ನಿಜಕ್ಕೂ ದಾರಿ ತಪ್ಪಿದ್ದು ಇತ್ತೀಚೆಗೆ. 2022ರಲ್ಲಿ ಅರಿಜೋನಾ ಆದಾಯದ ಮಿತಿಯನ್ನೇ ನೋಡದೆ ಎಲ್ಲರಿಗೂ ವರ್ಷಕ್ಕೆ ಸುಮಾರು 7,000 ಡಾಲರ್ ಕೊಡಲು ಮುಂದಾಯಿತು. ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದವರಲ್ಲಿ ಮುಕ್ಕಾಲು ಪಾಲು ಮಕ್ಕಳು ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದವರೇ ಅಲ್ಲ. ಚೀಟಿ ಎತ್ತುವ ಕಟ್ಟಳೆಯಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಶಾಲೆಯ ಇಚ್ಛೆ. ಮೊದಲೇ ಶುಲ್ಕ ಕಟ್ಟುತ್ತಿದ್ದ ಉಳ್ಳವರಿಗೆ ಇದು ರಿಯಾಯಿತಿ, ಅಷ್ಟೆ. ಮಿಲ್ವಾಕಿಯಲ್ಲಿ ಆದಾಯದ ಮಿತಿ ಏರಿಸಲು ಹೊರಟಾಗ ಪಾಲಿ ವಿಲಿಯಮ್ಸ್ ತಾವೇ ವಿರೋಧಿಸಿದ್ದು ಇದೇ ಭಯದಿಂದ.

ಈ ವಿಚಾರದಲ್ಲಿ ನಮ್ಮ ಸಂವಿಧಾನ ಮೊದಲೇ ಯೋಚಿಸಿತ್ತು. ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಸಂಸ್ಥೆಯೆಂದು ತಾರತಮ್ಯ ಮಾಡಬಾರದು ಎನ್ನುತ್ತದೆ 30(2)ನೇ ವಿಧಿ. ಅನುದಾನ ಪಡೆದ ಶಾಲೆ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28(3). ಕರ್ನಾಟಕದ ಅನುದಾನಿತ ಶಾಲೆಗಳು, ಕ್ರೈಸ್ತ ಸಂಸ್ಥೆಗಳವೂ ಸೇರಿ, ಈ ಚೌಕಟ್ಟಿನಲ್ಲೇ ನಡೆದುಬಂದಿವೆ. ನಮ್ಮಲ್ಲೂ ಕೊರತೆಯಿದೆ: ವೋಚರ್‌ಗೆ ಹತ್ತಿರದ ನಮ್ಮ ಯೋಜನೆ ಎಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳು ಬಡ ಮಕ್ಕಳಿಗೆ ಮೀಸಲಿಡಬೇಕಾದ ಶೇ. 25 ಸೀಟು, ಆದರೆ 2014ರ ಸುಪ್ರೀಂ ಕೋರ್ಟ್ ತೀರ್ಪು ಅಲ್ಪಸಂಖ್ಯಾತ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ಅಮೆರಿಕದಲ್ಲಿ ಬಡ ಮಗುವಿನ ಹೆಸರಿನಲ್ಲಿ ಹಣ ಕೇಳುವ ಚರ್ಚಿನ ಶಾಲೆಗಳು ಇಲ್ಲಿ ಬಡ ಮಗುವಿಗೆ ಸೀಟು ಮೀಸಲಿಡುವ ಹೊಣೆಯಿಂದ ಹೊರಗಿವೆ. ಎರಡನ್ನೂ ಒಟ್ಟಿಗೆ ಸಮರ್ಥಿಸುವುದು ಕಷ್ಟ.

ಕ್ಯಾಥೊಲಿಕ್ ಶಾಲೆಗಳಿಗೆ ಸರ್ಕಾರದ ನೆರವು ಸಲ್ಲಬೇಕೆಂಬ ವಾದ ನ್ಯಾಯವಾದದ್ದೇ, ಆದರೆ ಷರತ್ತಿನೊಂದಿಗೆ. ನೆರವು ಬಡ ಮಗುವಿಗೆ ಮೊದಲು ಸಿಗಬೇಕು. ಶಾಲೆ ಮಗುವನ್ನು ಆರಿಸದೆ ಮಗು ಶಾಲೆಯನ್ನು ಆರಿಸುವಂತಿರಬೇಕು. ಪ್ರಾರ್ಥನೆಯಿಂದ ದೂರವಿರುವ ಹಕ್ಕು ಇರಬೇಕು. ಫಲಿತಾಂಶ ಎಲ್ಲರ ಕಣ್ಣಿಗೂ ಬೀಳಬೇಕು. ಮಿಲ್ವಾಕಿಯ ಮೊದಲ ಯೋಜನೆ ಈ ಒರೆಗಲ್ಲಿಗೆ ಬಹುಮಟ್ಟಿಗೆ ನಿಲ್ಲುತ್ತದೆ, ಅರಿಜೋನಾದ್ದು ನಿಲ್ಲುವುದಿಲ್ಲ. ಸಾರ್ವಜನಿಕ ಹಣ ಬೇಕು, ಸಾರ್ವಜನಿಕ ನಿಯಮ ಬೇಡ ಎನ್ನುವ ಶಾಲೆ ಯಾವ ಧರ್ಮದ್ದಾದರೂ ಅದಕ್ಕೆ ಆ ಹಣ ಕೊಡಬಾರದು.