ರಾತ್ರಿಯ ಕಳ್ಳನೂ ಹಗಲಿನ ಶೋಧವೂ: ‘ಒಡಲಾಳ’ವನ್ನು ವಿಮೋಚನಕಾಂಡದ ಜೊತೆಗಿಟ್ಟು ಓದುವುದು

ಕಳ್ಳನ ಪ್ರಸ್ತಾಪವಿರುವ ವೇದಭಾಗಗಳನ್ನು ನಾವು ಬಹುಮಟ್ಟಿಗೆ ಮನೆಯ ಯಜಮಾನನ ಪಕ್ಕದಲ್ಲಿ ನಿಂತು ಓದುತ್ತೇವೆ. ಮತ್ತಾಯ 24:43ರ ಸಾಮ್ಯವೇ ನಮ್ಮನ್ನು ಅಲ್ಲಿ ನಿಲ್ಲಿಸುತ್ತದೆ. ಬೆಂಗಳೂರಿನ ಸುಲ್ತಾನ್‌ಪೇಟೆಯಂಥ ಕಡೆ ಆ ಸಾಮ್ಯಕ್ಕೆ ವಿವರಣೆಯೇ ಬೇಡ. ರಾತ್ರಿ ಶಟರ್ ಎಳೆದು, ಬೀಗ ಹಾಕಿ, ಹಾಕಿದ ಬೀಗವನ್ನು ಇನ್ನೊಮ್ಮೆ ಜಗ್ಗಿ ನೋಡಿ ಮನೆಗೆ ಹೊರಡುವ ಕಾಗದದ ವ್ಯಾಪಾರಿಗೆ, ಲಗ್ನಪತ್ರಿಕೆಯ ಅಂಗಡಿಯವನಿಗೆ, ಎಚ್ಚರವಾಗಿರುವುದೆಂದರೇನೆಂದು ಬೋಧಕನು ಹೇಳಿಕೊಡಬೇಕಾಗಿಲ್ಲ. ಅಲ್ಲಿಗೆ ಸಮೀಪದ ಅವೆನ್ಯೂ ರಸ್ತೆಯಲ್ಲಿ ರೈಸ್ ಸ್ಮಾರಕ ದೇವಾಲಯವಿದೆ. ಪೇಟೆಯ ನಡುವೆ ಕನ್ನಡದಲ್ಲಿ ವಾಕ್ಯ ಸಾರುತ್ತ ಬಂದಿರುವ ಸಭೆ ಅದು. ಅಂಥ ಪೇಟೆಯಲ್ಲಿ ಕಳ್ಳನ ಮಾತು ಬಂದಾಗ ಕೇಳುವವರ ಮನಸ್ಸು ತಮ್ಮ ಬೀಗದ ಕೈಯ ಕಡೆಗೆ ಹೋಗುವುದು ಸಹಜ. ಆದರೆ ಶೋಧಕ್ಕೆ ಗುರಿಯಾದ ಮನೆಯ ಒಳಗೆ ಕುಳಿತು ಇದೇ ವೇದಭಾಗಗಳನ್ನು ಓದಿದರೆ ಏನಾಗುತ್ತದೆಂಬುದನ್ನು ನಮ್ಮ ಪ್ರಸಂಗಗಳು ಪರೀಕ್ಷಿಸಿದ್ದು ಕಡಮೆ. ಆ ಪರೀಕ್ಷೆಗೆ ಕನ್ನಡದಲ್ಲಿ ದೇವನೂರ ಮಹಾದೇವರ ‘ಒಡಲಾಳ’ಕ್ಕಿಂತ ತಕ್ಕ ಕೃತಿ ನಮಗೆ ಕಾಣದು.

1970ರ ದಶಕದ ಕೊನೆಯ ವರ್ಷಗಳ ಈ ನೀಳ್ಗತೆಯ ಘಟನೆಗಳು ಸ್ವಲ್ಪವೇ. ಮುದುಕಿ ಸಾಕವ್ವನ ಕೋಳಿಹುಂಜ ಕಳೆದುಹೋಗಿದೆ. ಅವಳು ಹುಡುಕುತ್ತಾಳೆ, ಬೈಯುತ್ತಾಳೆ. ರಾತ್ರಿ ಆ ದಲಿತ ಮನೆಗೆ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಬರುತ್ತದೆ. ಹಿರಿಯರು ಕಿರಿಯರೆನ್ನದೆ ಎಲ್ಲರೂ ಬೆಂಕಿಯ ಸುತ್ತ ಕುಳಿತು ತಿನ್ನುತ್ತಾರೆ. ಬೆಳಗಾದ ಮೇಲೆ ಪೋಲೀಸರು ಬರುತ್ತಾರೆ. ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆದ ಮನೆಯಲ್ಲಿ ಶೋಧ ನಡೆಯುತ್ತದೆ. ಅವರು ಹುಡುಕುವ ಮಾಲು ಅಷ್ಟರಲ್ಲಿ ಹೊಟ್ಟೆ ಸೇರಿದೆ. ಇಷ್ಟರಲ್ಲಿ ಎರಡು ಕಳವುಗಳಿವೆಯೆಂಬುದನ್ನು ಓದುಗನು ಗಮನಿಸಬೇಕು. ಸಾಕವ್ವನ ಹುಂಜಕ್ಕೆ ಯಾವ ಠಾಣೆಯೂ ಎಚ್ಚೆತ್ತುಕೊಳ್ಳುವುದಿಲ್ಲ. ಎತ್ತಪ್ಪನ ಕಡಲೆಕಾಯಿಗೆ ಸರಕಾರವೇ ಕೇರಿಗೆ ನಡೆದು ಬರುತ್ತದೆ. ಲೇಖಕರು ಇದರ ಮೇಲೆ ಟಿಪ್ಪಣಿ ಬರೆಯುವುದಿಲ್ಲ. ಎರಡನ್ನೂ ಒಂದೇ ಕಥೆಯಲ್ಲಿಟ್ಟು ಸುಮ್ಮನಾಗುತ್ತಾರೆ.

ಕಥೆಯ ಈ ರಚನೆ, ಅಂದರೆ ರಾತ್ರಿಯ ಕಳವು ಮತ್ತು ಹಗಲಿನ ದಂಡನೆ, ವಿಮೋಚನಕಾಂಡ 22:2-3ರ ರಚನೆಯೂ ಹೌದು. ಕನ್ನ ಕೊರೆಯುತ್ತಿರುವಾಗ ಸಿಕ್ಕ ಕಳ್ಳನು ಹೊಡೆತದಿಂದ ಸತ್ತರೆ ಹೊಡೆದವನ ಮೇಲೆ ರಕ್ತಾಪರಾಧವಿಲ್ಲ. ಸೂರ್ಯನು ಹುಟ್ಟಿದ ಮೇಲಾದರೆ ಉಂಟು. ಮೂಲದ ಹೀಬ್ರು ಪದಕ್ಕೆ ‘ಅಗೆದು ನುಗ್ಗುವುದು’ ಎಂಬರ್ಥ. ಮಣ್ಣಿನ ಗೋಡೆಗಳ ನಾಡಿನವರಾದ ನಮಗೆ ‘ಕನ್ನ’ ಎಂಬ ಮಾತು ಸಿದ್ಧವಾಗಿಯೇ ಇತ್ತು. ಈ ಹಗಲು ಇರುಳಿನ ಭೇದ ಮೋಶೆಯ ಧರ್ಮಶಾಸ್ತ್ರದೊಡನೆ ಮುಗಿದುಹೋಗಿಲ್ಲ. 1860ರ ಭಾರತೀಯ ದಂಡಸಂಹಿತೆಯ 103ನೆಯ ಕಲಮು ಸ್ವತ್ತಿನ ರಕ್ಷಣೆಗಾಗಿ ಪ್ರಾಣ ತೆಗೆಯುವ ಮಟ್ಟಿಗೂ ಹೋಗಬಹುದಾದ ಸಂದರ್ಭಗಳಲ್ಲಿ ರಾತ್ರಿವೇಳೆಯ ಕನ್ನವನ್ನು ಸೇರಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೆಯ ಕಲಮು ಅದನ್ನೇ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಎಂದು ಬಿಡಿಸಿ ಹೇಳುತ್ತದೆ. ಕತ್ತಲಲ್ಲಿ ಒಳನುಗ್ಗಿದವನ ಉದ್ದೇಶವನ್ನು ಅಳೆಯಲು ಭಯಗೊಂಡ ಮನೆಯವನಿಗೆ ಆಗದು. ಅಷ್ಟರಮಟ್ಟಿಗೆ ಎರಡು ಶಾಸ್ತ್ರಗಳೂ ಅವನನ್ನು ಕ್ಷಮಿಸುತ್ತವೆ.

ವಿಮೋಚನಕಾಂಡವಾದರೋ ಇನ್ನೂ ಮುಂದೆ ಹೋಗುತ್ತದೆ. ಸೂರ್ಯನು ಹುಟ್ಟಿದೊಡನೆ ಕಳ್ಳನ ರಕ್ತಕ್ಕೆ ಬೆಲೆ ಬರುತ್ತದೆ. ತಾಲ್ಮುದಿನ ಸನ್ಹೆದ್ರಿನ್ ಪ್ರಕರಣದಲ್ಲಿ ರಬ್ಬಿಗಳು ಈ ಸೂರ್ಯನನ್ನು ರೂಪಕವಾಗಿ ಓದಿದರು: ಬಂದವನಿಗೆ ಕೊಲ್ಲುವ ಉದ್ದೇಶವಿಲ್ಲವೆಂಬುದು ಹಗಲಿನಷ್ಟು ಸ್ಪಷ್ಟವಾಗಿದ್ದರೆ ಅವನನ್ನು ಕೊಲ್ಲಕೂಡದು. ಹೇಗೆ ಓದಿದರೂ ಹಗಲು ಇಲ್ಲಿ ಕಳ್ಳನ ಪರವಾಗಿ ಬರುತ್ತದೆ. ‘ಒಡಲಾಳ’ದಲ್ಲಿ ಇದು ತಿರುವುಮುರುವಾಗಿದೆ. ಸಾಕವ್ವನ ಮನೆಗೆ ಭಯ ಬರುವುದು ಬೆಳಕಿನ ಜೊತೆಗೆ. ರಾತ್ರಿಯೇ ಅವರಿಗೆ ನಿರ್ಭಯದ ಹೊತ್ತು.

ಶೋಧಕ್ಕೂ ನಮ್ಮಲ್ಲಿ ಧರ್ಮವುಂಟು. ಕಥೆಯ ಕಾಲಕ್ಕೆ ಜಾರಿಯಲ್ಲಿದ್ದ 1973ರ ದಂಡ ಪ್ರಕ್ರಿಯಾ ಸಂಹಿತೆಯ 100ನೆಯ ಕಲಮಿನಂತೆ ಮನೆಯನ್ನು ಶೋಧಿಸುವ ಮುನ್ನ ಆ ಸ್ಥಳದ ಸ್ವತಂತ್ರರೂ ಮರ್ಯಾದಸ್ಥರೂ ಆದ ಇಬ್ಬರನ್ನಾದರೂ ಸಾಕ್ಷಿಗೆ ಕರೆಯಬೇಕು. ವಶಪಡಿಸಿಕೊಂಡದ್ದರ ಪಟ್ಟಿ ಮಾಡಿ ಪಂಚರ ಸಹಿ ಹಾಕಿಸಬೇಕು. ಮನೆಯವರ ಸಮಕ್ಷಮದಲ್ಲಿಯೇ ನಡೆಯಲು ಎಡೆಗೊಡಬೇಕು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯು ಇದನ್ನು ಉಳಿಸಿಕೊಂಡು, ಶೋಧವನ್ನು ದೃಶ್ಯ ಮತ್ತು ಧ್ವನಿ ಸಹಿತ ಚಿತ್ರೀಕರಿಸಬೇಕೆಂದೂ ವಿಧಿಸಿದೆ. ಒಳ್ಳೆಯದೇ. ಆದರೆ ಕೇರಿಯ ಶೋಧಕ್ಕೆ ‘ಮರ್ಯಾದಸ್ಥರು’ ಯಾವ ಬೀದಿಯಿಂದ ಬರುತ್ತಾರೆ? ಕಾನೂನಿನ ಆ ಒಂದು ಪದದಲ್ಲಿ ಊರಿನ ಇಡೀ ನಕ್ಷೆ ಅಡಗಿದೆಯೆಂದು ನಮಗನಿಸುತ್ತದೆ. ‘ಒಡಲಾಳ’ವನ್ನು ಓದಿದ ಮೇಲೆ ಆ ಪದವನ್ನು ಮೊದಲಿನಂತೆ ಓದಲಾಗುವುದಿಲ್ಲ.

ಇಲ್ಲಿ ಪೇಟೆಗೆ ಹತ್ತಿರದ ಇನ್ನೊಂದು ಕಡಲೆಕಾಯಿ ಕಳವನ್ನು ನೆನೆಯುವುದು ಉಚಿತ. ಸುಲ್ತಾನ್‌ಪೇಟೆಯಿಂದ ದಕ್ಷಿಣಕ್ಕೆ ಚಾಮರಾಜಪೇಟೆಯನ್ನು ದಾಟಿದರೆ ಬಸವನಗುಡಿ. ಅಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ಸೇರುತ್ತದೆ. ಅದರ ಸ್ಥಳಪುರಾಣ ಎಲ್ಲರಿಗೂ ಗೊತ್ತು: ಸುಂಕೇನಹಳ್ಳಿಯ ರೈತರ ಬೆಳೆ ರಾತ್ರಿಯಲ್ಲಿ ಹಾಳಾಗುತ್ತಿತ್ತು, ದೊಣ್ಣೆ ಹಿಡಿದು ಕಾದವರಿಗೆ ಕಂಡದ್ದು ಬಸವ, ಅದು ಕಲ್ಲಾಯಿತು, ರೈತರು ತಮ್ಮ ಮೊದಲ ಬೆಳೆಯನ್ನು ಅದಕ್ಕೆ ಒಪ್ಪಿಸತೊಡಗಿದರು. ಅನ್ಯರ ಭಕ್ತಿಯನ್ನು ತೂಗಿ ನೋಡುವುದು ನಮ್ಮ ಕೆಲಸವಲ್ಲ. ನಾವು ಗಮನಿಸುವುದು ಕಥನದ ನಡೆಯನ್ನು ಮಾತ್ರ: ಹೊಲಕ್ಕೆ ಬಂದ ಕಳ್ಳನು ಯಾರೆಂದು ತಿಳಿದಾಗ ಕಳವು ಕಾಣಿಕೆಯಾಗಿ ಮಾರ್ಪಡುತ್ತದೆ. ಸಾಕವ್ವನ ಮನೆಯಲ್ಲಿ ತಿಂದವರು ಯಾರೆಂಬುದು ಮೊದಲೇ ತಿಳಿದಿತ್ತು. ಅವರ ಕೇರಿಯೇ ಅವರ ಗುರುತು. ತಿಳಿದದ್ದರಿಂದಲೇ ದೊಣ್ಣೆ ಬಂತು.

‘ಒಡಲಾಳ’ದ ರಾತ್ರಿಯ ಊಟವನ್ನು ಕರ್ತನ ಭೋಜನವೆಂದು ಓದುವ ಆಸೆ ನಮ್ಮ ತರಗತಿಗಳಲ್ಲಿ ಸುಲಭವಾಗಿ ಹುಟ್ಟುತ್ತದೆ. ಬೆಂಕಿ ಇದೆ, ಹಂಚಿಕೆ ಇದೆ, ಇರುಳಿದೆ, ಮರುದಿನ ಅಧಿಕಾರಿಗಳ ಕೈ ಇದೆ. ಪಸ್ಕದ ನೆನಪೂ ಬಾರದಿರದು. ಈ ಓದನ್ನು ನಾವು ಒಪ್ಪುವುದಿಲ್ಲ. ಹಸಿದವರು ತಿಂದದ್ದಕ್ಕೆ ಘನತೆ ಬರಬೇಕಾದರೆ ಅದನ್ನು ಸಂಸ್ಕಾರವನ್ನಾಗಿ ಮಾಡಬೇಕೆಂಬ ಅನುಮಾನ ಅದರ ತಳದಲ್ಲಿದೆ. ಅಲ್ಲಿ ಸ್ತೋತ್ರವಿಲ್ಲ, ಮುರಿದುಕೊಡುವ ಮಾತಿಲ್ಲ. ಇರುವುದು ಹಸಿವು, ನಗು, ಮತ್ತು ಬೆಳಗಾಗುವುದರೊಳಗೆ ಮುಗಿಸಬೇಕೆಂಬ ಅವಸರ. ತಿನ್ನುವುದೆಂದರೆ ಸಾಕ್ಷ್ಯವನ್ನು ಇಲ್ಲವಾಗಿಸುವುದೂ ಹೌದು. ಕೃತಿಯ ಬಲ ಆ ಅವಸರದಲ್ಲಿದೆ. ಅದರ ಮೇಲೆ ನಮ್ಮ ವೇದಿಯ ಬಟ್ಟೆ ಹೊದಿಸಿದರೆ ಹಸಿವು ಕಾಣದಾಗುತ್ತದೆ.

ಕೃತಿಯ ಮಿತಿಯನ್ನೂ ಹೇಳಬೇಕು. ಎತ್ತಪ್ಪನಿಗೆ ಅದು ಸಾಹುಕಾರನಿಗಿಂತ ಹೆಚ್ಚಿನ ವ್ಯಕ್ತಿತ್ವವನ್ನು ಕೊಡುವುದಿಲ್ಲ. ಕಳೆದುಕೊಂಡವನ ನೋವಿಗೆ ಅಲ್ಲಿ ಜಾಗವಿಲ್ಲ. ಬಡವರ ಮನೆಯಲ್ಲಿಯೇ ಕಳವಾಗುವುದು ಹೆಚ್ಚಿನ ಸಂಕಟವೆಂಬುದನ್ನು ಸಾಕವ್ವನ ಹುಂಜವೊಂದೇ ಹೇಳಬೇಕಾಗಿದೆ. ಜ್ಞಾನೋಕ್ತಿ 6:30-31 ಈ ದೃಷ್ಟಿಯಿಂದ ಹೆಚ್ಚು ಕಠಿಣವಾದದ್ದು. ಹಸಿವಿಗಾಗಿ ಕದ್ದವನನ್ನು ಜನರು ಹೀನೈಸರೆಂದು ಅದು ಒಪ್ಪುತ್ತದೆ; ಆದರೂ ಸಿಕ್ಕಿಬಿದ್ದರೆ ಏಳರಷ್ಟು ತೆರಬೇಕು, ಮನೆಯಲ್ಲಿರುವುದೆಲ್ಲವನ್ನೂ ಕೊಡಬೇಕು. ಮೊದಲನೆಯ ವಚನವನ್ನು ಕನಿಕರದ ಪ್ರಸಂಗಕ್ಕೂ ಎರಡನೆಯದನ್ನು ಶಿಸ್ತಿನ ಪ್ರಸಂಗಕ್ಕೂ ಬೇರ್ಪಡಿಸಿ ಬಳಸುವುದು ನಮ್ಮ ರೂಢಿ. ಒಟ್ಟಿಗೆ ಓದಿದರೆ ಏಳುವ ಪ್ರಶ್ನೆ ಬೇರೆ: ಹಸಿದು ಕದ್ದವನ ಮನೆಯಲ್ಲಿ ತೆರುವುದಕ್ಕೆ ಏನಿರುತ್ತದೆ?

ನಮ್ಮ ದೇಶದಲ್ಲಿ ಅವನು ತೆರುವುದು ದಿನಗಳನ್ನು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಬಿಹಾರದ ಬಂದಿಗಳಲ್ಲಿ, ಆರೋಪ ಸಾಬೀತಾಗಿದ್ದರೂ ಆಗುತ್ತಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಒಳಗೆ ಕಳೆದವರಿದ್ದರು. ಆ ತೀರ್ಪು ಶೀಘ್ರ ವಿಚಾರಣೆಯನ್ನು ಮೂಲಭೂತ ಹಕ್ಕೆಂದು ಸಾರಿತು. 2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು.

ಸೆರೆಮನೆಯ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಲೂಕ 23ನ್ನು ಆರಿಸಿಕೊಳ್ಳುತ್ತಾರೆ: ಶಿಲುಬೆಯ ಮೇಲೆ ತನ್ನ ಶಿಕ್ಷೆ ನ್ಯಾಯವೆಂದು ಒಪ್ಪಿಕೊಂಡವನ ಪ್ರಸಂಗ. ಅವನಿಗೆ ತೀರ್ಪಾಗಿತ್ತು. ಎದುರಿಗೆ ಕುಳಿತವರಲ್ಲಿ ಹೆಚ್ಚಿನವರಿಗೆ ಆಗಿಲ್ಲ. ಅವರಿಂದ ಆ ಒಪ್ಪಿಗೆಯನ್ನು ಕೇಳುವಾಗ ನಾವು ನ್ಯಾಯಾಧೀಶರಿಗಿಂತ ಮೊದಲೇ ಪೀಠವನ್ನೇರಿರುತ್ತೇವೆ. ಆ ಕೋಣೆಗೆ ವಿಮೋಚನಕಾಂಡ 22ರ ಮೂರನೆಯ ವಚನವನ್ನು, ಸೂರ್ಯನು ಹುಟ್ಟಿದ ಮೇಲಿನ ಮಾತನ್ನು, ಯಾರಾದರೂ ಒಯ್ದು ಓದಿ, ಕೇಳಿದವರು ಏನೆಂದರೆಂಬುದನ್ನು ಈ ಪುಟಗಳಿಗೆ ಬರೆದು ಕಳುಹಿಸಬೇಕೆಂದು ನಮ್ಮ ಕೋರಿಕೆ.